ಕಡಲಾಚೆಯ ದುಡಿಮೆ
ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳ ಚರಿತ್ರೆಯನ್ನು ಕುವೈತಿನ ಉಲ್ಲೇಖವಿಲ್ಲದೆ ಬರೆಯಲಾಗದು. 1946ರಲ್ಲಿ ಅಲ್ಲಿಂದ ತೈಲ ರಫ್ತು ಆರಂಭವಾಯಿತು. 1973ರ ಬೆಲೆಯೇರಿಕೆಯ ತರುವಾಯ ಕೆಲಸಗಾರರ ಬೇಡಿಕೆ ಹೆಚ್ಚಿ, ನಮ್ಮ ತರುಣರು ಮುಂಬಯಿ ಮಾರ್ಗವಾಗಿ ತೆರಳಿದರು. ಆದರೆ ಅವರ ವೀಸಾ ‘ಕಫೀಲ’ನೆಂಬ ಸ್ಥಳೀಯ ಪ್ರಾಯೋಜಕನ ಅಧೀನದಲ್ಲಿತ್ತು, ಆತನ ಸಮ್ಮತಿಯಿಲ್ಲದೆ ಬೇರೆ ಉದ್ಯೋಗ ಹಿಡಿಯುವುದು ಕಷ್ಟಸಾಧ್ಯವಾಗಿತ್ತು. ಸ್ವಂತ ವ್ಯಾಪಾರ ತೊಡಗುವವರಿಗೂ ಶೇಕಡಾ 51 ಪಾಲು ಹೊಂದಿದ ಕುವೈತಿ ಪಾಲುದಾರರು ಕಡ್ಡಾಯವಾಗಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಈ ಬದುಕಿನ ಅಸ್ಥಿರತೆ ಪ್ರಕಟವಾಯಿತು. ಲಕ್ಷಕ್ಕೂ ಮಿಕ್ಕಿದ ಭಾರತೀಯರು ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದರು; ಅನೇಕರ ವರ್ಷಗಳ ಗಳಿಕೆ ಅಲ್ಲಿಯೇ ಉಳಿಯಿತು. 1991ರಲ್ಲಿ ಕುವೈತ್ ವಿಮೋಚನೆಗೊಂಡ ಬಳಿಕ ಹಲವರು ಪುನಃ ಹೋದರು, ಏಕೆಂದರೆ ಮನೆಯ ಸಾಲ, ಮಕ್ಕಳ ವಿದ್ಯೆ ಕಾಯಲಾರದಾಗಿದ್ದವು. ಅವರ ಕಾಣಿಕೆಗಳನ್ನು ಕೃತಜ್ಞತೆಯಿಂದ ಎಣಿಸುವ ನಾವು, ಅವುಗಳ ಹಿಂದಿದ್ದ ಅಭದ್ರತೆಯನ್ನೂ ದಾಖಲಿಸುವುದು ನ್ಯಾಯ.