ನೂಲಿಗೂ ಊಟಕ್ಕೂ ಒಂದೇ ಹುಳು: ಎರಿ ಸಾಕಣೆಯಲ್ಲಿ ಶಾಖ, ತೇವ, ಎಲೆ

ಅಸ್ಸಾಮಿನ ಬೋಡೋ, ಮಿಸಿಂಗ್, ರಾಭಾ, ಕಾರ್ಬಿ ಮನೆಗಳಲ್ಲಿ ಎರಿ ರೇಷ್ಮೆಹುಳು (ಸಾಮಿಯಾ ರಿಸಿನಿ) ಸಾಕುವುದು ನೂಲಿಗಾಗಿಯೂ ಹೌದು, ಊಟಕ್ಕಾಗಿಯೂ ಹೌದು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನೋ ಗೂಡಿನೊಳಗಿನ ಪ್ಯೂಪಾವನ್ನೋ ಹುಳಿ ಬರಿಸಿದ ಕಳಲೆಯಾದ ಖೊರಿಸಾದ ಜೊತೆ ಹುರಿದು ತಿನ್ನುತ್ತಾರೆ. ಎರಿ ಗೂಡಿನ ಒಂದು ತುದಿ ತೆರೆದೇ ಇರುವುದರಿಂದ ಬೇಯಿಸದೆಯೇ ಪ್ಯೂಪಾವನ್ನು ಹೊರತೆಗೆಯಬಹುದು. ಗೂಡಿನ ಹಸಿ ತೂಕದಲ್ಲಿ ನೂಲಾಗುವ ಚಿಪ್ಪಿನ ಪಾಲು ಸುಮಾರು ಶೇ. 12ರಿಂದ 15, ಮಿಕ್ಕದ್ದು ಹೆಚ್ಚುಕಡಿಮೆ ಪ್ಯೂಪಾವೇ. ಆದರೂ ಸಾಕಣೆ ಮನೆಯ ವಾತಾವರಣ ಚೆನ್ನಾಗಿದೆಯೇ ಎಂಬುದನ್ನು ನಾವು ಅಳೆಯುತ್ತ ಬಂದಿರುವುದು ಮುಖ್ಯವಾಗಿ ಆ ಸಣ್ಣ ಪಾಲಿನಿಂದ. ತಿನ್ನುವವರ ಕಡೆಯಿಂದ ನೋಡಿದರೆ ಇದೇ ಲೆಕ್ಕ ಬೇರೆಯಾಗುತ್ತದೆ ಎಂಬುದು ಈ ಲೇಖನದ ವಾದ.

ಅಸ್ಸಾಮಿನದೇ ಇನ್ನೊಂದು ರೇಷ್ಮೆಹುಳುವಾದ ಮುಗಾ ಮರದ ಮೇಲೆ ಬಯಲಿನಲ್ಲಿ ಬೆಳೆದರೆ, ಎರಿ ಪೂರ್ತಿ ಮನೆವಾಸಿ. ಹೀಗಾಗಿ ಶಾಖವನ್ನು ಒಂದಿಷ್ಟು ಹಿಡಿತದಲ್ಲಿಡಬಹುದು. ಚಾಕಿ ಹುಳುವಿಗೆ, ಅಂದರೆ ಮೊದಲ ಹಂತಗಳ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 85ರ ಆಸುಪಾಸಿನ ತೇವ ಹಿತ. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ, ಶೇ. 70ರಿಂದ 75 ಸಾಕು. ಹುಳುವಿಗೆ ಸ್ವಂತ ಮೈಬಿಸಿ ಇಲ್ಲ. ಕೋಣೆಯ ಶಾಖವೇ ಅದರ ಬೆಳವಣಿಗೆಯ ವೇಗ. ಬೇಸಿಗೆಯಲ್ಲಿ ಸುಮಾರು ಮೂರು ವಾರಕ್ಕೆ ಹಣ್ಣಾಗುವ ಹುಳು ಚಳಿಗಾಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ದಿನ ಎಳೆಯುತ್ತದೆ. ಬೇಗ ಬೆಳೆದರೆ ಲಾಭ ಎನಿಸಬಹುದು. ಆದರೆ ಮಿತಿ ಮೀರಿದ ಶಾಖದಲ್ಲಿ ಹುಳು ಮೈತುಂಬುವ ಮೊದಲೇ ಜ್ವರಕ್ಕೆ (ಪೊರೆ ಕಳಚಲು) ಕೂರುತ್ತದೆ, ನಾಲ್ಕೂ ಜ್ವರಗಳನ್ನು ಅವಸರದಲ್ಲಿ ದಾಟಿ ಚಿಕ್ಕ ಪ್ಯೂಪಾ ಆಗುತ್ತದೆ. ಒಟ್ಟು ಮೇವಿನ ಬಹುಪಾಲನ್ನು ಹುಳು ತಿನ್ನುವುದು ಐದನೆಯ ಹಂತದಲ್ಲಿ. ಆ ಕೆಲವು ದಿನಗಳ ಸೆಕೆ ಮಾಡುವಷ್ಟು ನಷ್ಟವನ್ನು ಬೇರೆ ಯಾವ ಹಂತದ ಸೆಕೆಯೂ ಮಾಡದು. ಹುಲ್ಲಿನ ಮಾಡಿನ ಜಾಗದಲ್ಲಿ ತಗಡು ಬಂದಾಗ ಸಾಕಣೆ ಮನೆ ಬಾಳಿಕೆ ಬಂತು, ಮಧ್ಯಾಹ್ನದ ತಂಪು ಹೋಯಿತು. ಅಭಿವೃದ್ಧಿಯ ಲೆಕ್ಕಪತ್ರಗಳಲ್ಲಿ ಈ ಎರಡನೆಯ ಸಂಗತಿ ಸಾಮಾನ್ಯವಾಗಿ ಕಾಣುವುದಿಲ್ಲ.

ತೇವದ ಕಥೆ ಇನ್ನೂ ಜಟಿಲ. ಬ್ರಹ್ಮಪುತ್ರ ಕಣಿವೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸೆಕೆಯೂ ಮಳೆಯೂ ಒಟ್ಟಿಗೆ ಬರುತ್ತವೆ. ಒದ್ದೆ ಎಲೆ ಹಾಕಿದರೆ ಹಾಸಿಗೆಯ ಹಿಕ್ಕೆ ಒಣಗುವುದಿಲ್ಲ. ಅದು ಕೊಳೆತು ಅಮೋನಿಯಾ ಹೊಮ್ಮುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಹುಳುವಿಗೆ ಸಪ್ಪೆ ರೋಗ ತಗಲುತ್ತದೆ. ರೋಗ ಬಡಿದ ಹುಳು ಮೇವು ಬಿಟ್ಟು, ಮೆತ್ತಗಾಗಿ, ಕಪ್ಪಾಗಿ, ಮುಟ್ಟಿದರೆ ಒಡೆಯುವ ಚೀಲದಂತಾಗುತ್ತದೆ. ತಂಪು ಮತ್ತು ತೇವ ಕೂಡಿದರೆ ಸುಣ್ಣಕಟ್ಟು ಎಂಬ ಶಿಲೀಂಧ್ರ ರೋಗದ ಸರದಿ. ನೂಲಿನ ದೃಷ್ಟಿಯಲ್ಲಿ ಇವೆಲ್ಲ ಇಳುವರಿ ನಷ್ಟ ಮಾತ್ರ. ರೋಗ ಅಂಟಿಯೂ ಹೇಗೋ ಗೂಡು ಕಟ್ಟಿದ ಹುಳುವಿನ ಚಿಪ್ಪು ನೂಲಿಗೆ ಬಂದೀತು. ಅದರ ಪ್ಯೂಪಾ ತಟ್ಟೆಗೆ ಬರಬಾರದು. ಆದ್ದರಿಂದ ಮಳೆಗಾಲದ ಬೆಳೆಯಲ್ಲಿ ಉಳಿದ ಹುಳುಗಳ ಸಂಖ್ಯೆಯೊಂದನ್ನೇ ನೋಡಿ ತೃಪ್ತಿಪಡುವುದು ಆಹಾರ ಸಾಕಣೆಗೆ ಸಾಲದು. ಗಾಳಿಯಾಟ, ಹಾಸಿಗೆ ಬದಲಾಯಿಸುವ ನಿಯಮ, ಎಲೆಯ ನೀರು ಒರೆಸುವ ಶ್ರದ್ಧೆ ಇಲ್ಲಿ ಶಾಖಮಾಪಕದಷ್ಟೇ ಮುಖ್ಯ.

ಮೇವೂ ವಾತಾವರಣದ ಮೂಲಕವೇ ಹುಳುವಿಗೆ ತಲುಪುತ್ತದೆ. ಔಡಲ, ಕೆಸ್ಸೆರು ಎಂಬ ಮರ, ಮರಗೆಣಸು ಮೂರರ ಎಲೆಯನ್ನೂ ಎರಿ ತಿನ್ನುತ್ತದೆ, ಆದರೆ ಬಲಿತು ಬಾಡಿದ ಎಲೆ ಯಾವ ಗಿಡದ್ದಾದರೂ ಹುಳು ಸೊರಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಔಡಲ ಮತ್ತು ಮರಗೆಣಸಿನ ಮೇಲೆ ಬೆಳೆದ ಎರಿಯಲ್ಲಿ ಹಸಿ ತೂಕದ ಸುಮಾರು ಶೇ. 16 ಪ್ರೋಟೀನ್, ಶೇ. 8 ಕೊಬ್ಬು ಕಂಡುಬಂದಿತ್ತು. ಈ ಕೊಬ್ಬಿನಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲ ಹೇರಳ. ಅದೇ ಕಾರಣಕ್ಕೆ ಅದು ಗಾಳಿ ತಾಗಿದರೆ ಬೇಗ ಕಮಟುತ್ತದೆ. ಹೊರತೆಗೆದ ಪ್ಯೂಪಾ ಸೆಕೆಯಲ್ಲಿ ಬಹಳ ಹೊತ್ತು ನಿಲ್ಲದು. ಜೀವಂತವಾಗಿಯೇ ಸಂತೆಗೆ ತರುವ ರೂಢಿಯಲ್ಲಿ ಒಳ್ಳೆಯ ವಿವೇಕವಿದೆ.

ಕರ್ನಾಟಕದ ಬಯಲುಸೀಮೆಗೆ ಅಸ್ಸಾಮಿನ ಪಾಠವನ್ನು ತಂದರೆ ತಲೆಕೆಳಗು ಮಾಡಿ ಓದಬೇಕಾಗುತ್ತದೆ. ಬೀಜಕ್ಕೆ ಬೆಳೆಯುವ ಔಡಲದ ಒಂದಿಷ್ಟು ಎಲೆಯನ್ನು ಎರಿಗೆ ಕೊಯ್ಯಬಹುದು. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿನ ತೊಡಕು ತೇವದ ಹೆಚ್ಚಳವಲ್ಲ, ಅದರ ಕೊರತೆ. ಒಂದು ಮೇವಿಗೂ ಇನ್ನೊಂದಕ್ಕೂ ನಡುವೆ ಎಲೆ ಬಾಡಿ ಹುಳು ಅರೆಹೊಟ್ಟೆಯಲ್ಲಿರುತ್ತದೆ. ಮೇವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚು ಬಾರಿ ಕೊಡುವುದು, ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು ಹಿಪ್ಪುನೇರಳೆ ರೈತರಿಗೆ ಹೊಸದೇನಲ್ಲ. ಹೊಸದಾಗಿ ಆಗಬೇಕಾದದ್ದು, ಪ್ರತಿ ಬೆಳೆಯಲ್ಲಿ ಚಿಪ್ಪಿನ ತೂಕದ ಪಕ್ಕದಲ್ಲೇ ಪ್ಯೂಪಾ ತೂಕಕ್ಕೂ ಗೂಡಿನೊಳಗೆ ಸತ್ತ ಪ್ಯೂಪಾಗಳ ಸಂಖ್ಯೆಗೂ ಒಂದೊಂದು ಕಲಂ ತೆರೆಯುವುದು.