ಅಂತರ್ಜಾಲದ ಮೂಲಕ ಮಾರಾಟ: ಜಾಹೀರಾತಿನಲ್ಲಿ ಪ್ರಾಮಾಣಿಕತೆ ಮತ್ತು ಮಾಹಿತಿ ಪ್ರಕಟಣೆ

(ಕೋಣಂದೂರು ಹಾಗೂ ಸುತ್ತಮುತ್ತಲಿನ ಉತ್ಪಾದಕರು, ಹೋಂಸ್ಟೇ ನಡೆಸುವವರು ಮತ್ತು ಗ್ರಾಹಕರ ತಿಳುವಳಿಕೆಗಾಗಿ)

ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಹಾಗೂ ನೆರೆಯ ಹೊಸನಗರ, ಸಾಗರ ತಾಲ್ಲೂಕುಗಳ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು ಮುಂತಾದ ಪದಾರ್ಥಗಳು ಈಗ ಅಂತರ್ಜಾಲ ಮತ್ತು ವಾಟ್ಸಾಪ್ ಮೂಲಕವೂ ದೂರದ ಊರುಗಳಿಗೆ ಮಾರಾಟವಾಗುತ್ತಿವೆ. ಸಂತೆಯಲ್ಲಿ ಕೊಳ್ಳುವವರು ಪದಾರ್ಥವನ್ನು ಕೈಯಲ್ಲಿ ಹಿಡಿದು, ಮೂಸಿ, ರುಚಿ ನೋಡಿ ಕೊಳ್ಳಬಹುದು. ಅಂತರ್ಜಾಲದಲ್ಲಿ ಅವರಿಗೆ ದೊರೆಯುವುದು ಮಾರಾಟಗಾರರು ಬರೆದ ಮಾತು ಮತ್ತು ತೋರಿಸಿದ ಚಿತ್ರ ಮಾತ್ರ. ಆದುದರಿಂದಲೇ ಕಾನೂನು ಸುಳ್ಳು ಹೇಳುವುದನ್ನಷ್ಟೇ ಅಲ್ಲದೆ, ಹೇಳಬೇಕಾದುದನ್ನು ಮರೆಮಾಚುವುದನ್ನೂ ತಪ್ಪೆಂದು ಪರಿಗಣಿಸಿದೆ.

ಕಾನೂನಿನ ಅವಕಾಶ

2020ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕರಣ 2(28)ರಂತೆ, ಸರಕಿನ ಬಗ್ಗೆ ಸುಳ್ಳು ವಿವರಣೆ ನೀಡುವ, ಅದರ ಸ್ವರೂಪ, ಪ್ರಮಾಣ ಅಥವಾ ಗುಣಮಟ್ಟದ ಬಗ್ಗೆ ದಾರಿ ತಪ್ಪಿಸುವ, ಇಲ್ಲವೇ ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತು "ದಾರಿ ತಪ್ಪಿಸುವ ಜಾಹೀರಾತು" ಎನಿಸುತ್ತದೆ. ಅಂತರ್ಜಾಲದಲ್ಲಿ ಪ್ರಕಟಿಸಿದ್ದೂ ಜಾಹೀರಾತೇ. ಇಂತಹ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದಲ್ಲಿ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

"ನಮ್ಮದು ಮನೆಯ ಮಟ್ಟಿನ ವ್ಯಾಪಾರ, ಇದು ನಮಗೆ ಅನ್ವಯಿಸದು" ಎಂಬ ತಿಳಿವಳಿಕೆ ಸರಿಯಲ್ಲ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರಿಂದ ಹೊರಗಿರುವುದು ನಿಯತವಾದ ವಾಣಿಜ್ಯ ಚಟುವಟಿಕೆಯಲ್ಲದ, ವೈಯಕ್ತಿಕ ನೆಲೆಯ ವ್ಯವಹಾರ ಮಾತ್ರ. ಪ್ರತಿ ವರ್ಷ ಮಿಡಿ ಹಾಕಿ, ಭರಣಿಯಿಂದ ಬಾಟಲಿಗೆ ತುಂಬಿ, ಬೇಡಿಕೆ ಪಡೆದು ಕಳುಹಿಸುವವರ ವ್ಯಾಪಾರವನ್ನು ಆ ಬಗೆಯದೆಂದು ಹೇಳಲಾಗದು.

ಹೆಸರು ಮತ್ತು ಮೂಲ

ಅಪ್ಪೆಮಿಡಿಯ ವಿಷಯವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮಲೆನಾಡಿನ ಹೊಳೆದಂಡೆಗಳ ಮರಗಳಿಂದ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯುವ ಈ ಮಿಡಿಗೆ ಅದರ ಸೊನೆಯ ಪರಿಮಳವೇ ಬೆಲೆ. ಜೀರಿಗೆಯ ವಾಸನೆಯದು, ಕರ್ಪೂರದ ವಾಸನೆಯದು ಎಂದು ಇದರಲ್ಲಿಯೂ ಬಗೆಗಳುಂಟು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೇರೆ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿ ಅಪ್ಪೆಮಿಡಿಯೆಂದು ಚಿತ್ರಸಹಿತ ಮಾರಿದರೆ ಕೊಂಡವರಿಗೆ ಬಾಟಲಿ ತೆರೆಯುವವರೆಗೂ ತಿಳಿಯದು. ಈ ಪರಿಮಳವನ್ನು ಮೊದಲೇ ಅರಿಯದವರಿಗೆ ಅನಂತರವೂ ತಿಳಿಯದು; ಅಪ್ಪೆಮಿಡಿ ಎಂದರೆ ಇಷ್ಟೇ ಎಂದು ಅವರು ಭಾವಿಸುತ್ತಾರೆ. ಅದರ ನಷ್ಟ ಬೀಳುವುದು ಮರವನ್ನು ಕಡಿಯದೆ ಉಳಿಸಿಕೊಂಡ ಬೆಳೆಗಾರರ ಮೇಲೆ.

ಜೇನುತುಪ್ಪದಲ್ಲಿಯೂ ಹೀಗೆಯೇ. ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನಿನ ತುಪ್ಪ ಉತ್ತಮವಾದುದೇ. ಅದನ್ನು "ಕಾಡಿನ ಹೆಜ್ಜೇನು" ಎಂದು ಬರೆಯುವ ಅಗತ್ಯವಿಲ್ಲ, ಬರೆದರೆ ಅದು ಸುಳ್ಳು ವಿವರಣೆ. ಜೇನು ಅಥವಾ ಗಿಡಮೂಲಿಕೆ ಮಧುಮೇಹವನ್ನು ಗುಣಪಡಿಸುವುದೆಂದು ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮದಡಿ ನಿಷಿದ್ಧ.

ಪೊಟ್ಟಣ ಸಾಮಗ್ರಿಯನ್ನು ಅಂತರ್ಜಾಲದ ಮಾರುಕಟ್ಟೆಯಲ್ಲಿ ಮಾರುವಾಗ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಮಾರಾಟ ಬೆಲೆ ಮುಂತಾದ ಘೋಷಣೆಗಳನ್ನು ಪರದೆಯ ಮೇಲೆಯೇ ತೋರಿಸತಕ್ಕದ್ದು. ಆಹಾರ ಪದಾರ್ಥವಾದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಇರಬೇಕು.

ಹೋಂಸ್ಟೇ ಮತ್ತು ಋತುಮಾನ

ಸಾಗರ ತಾಲ್ಲೂಕಿನ ಜೋಗದ ಜಲಪಾತವು 253 ಮೀಟರ್ ಎತ್ತರದಿಂದ ಧುಮುಕುತ್ತದೆ ಎಂಬುದು ನಿಜ. ಆದರೆ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ತುಂಬಿದ ಜೋಗವನ್ನು ಕಾಣಲು ಒಳ್ಳೆಯ ಮಳೆ ಅಥವಾ ಅಣೆಕಟ್ಟಿನಿಂದ ಬಿಟ್ಟ ನೀರು ಬೇಕು. ಆಗಸ್ಟ್ ತಿಂಗಳ ಚಿತ್ರ ತೋರಿಸಿ ಏಪ್ರಿಲ್ ತಿಂಗಳಿಗೆ ಕೊಠಡಿ ಕಾಯ್ದಿರಿಸಿಕೊಳ್ಳುವುದರಲ್ಲಿ ಚಿತ್ರ ಸುಳ್ಳಲ್ಲ, ಮರೆಮಾಚಿದ್ದು ಋತು. ಮಳೆಗಾಲದಲ್ಲಿ ಆಗುಂಬೆಯ ಸೂರ್ಯಾಸ್ತವನ್ನು ಮಾರುವವರಿಗೂ ಈ ಮಾತು ಸಲ್ಲುತ್ತದೆ. ಚಿತ್ರದ ಕೆಳಗೆ ತಿಂಗಳನ್ನು ನಮೂದಿಸಿದರೆ ಸಾಕು.

ಪ್ರಚಾರ ಮಾಡುವವರ ಹೊಣೆ

ಉಚಿತವಾಗಿ ಉಳಿದುಕೊಂಡು ಹೋಂಸ್ಟೇಯನ್ನು ಹೊಗಳುವ, ಬಾಟಲಿಯನ್ನು ಉಡುಗೊರೆಯಾಗಿ ಪಡೆದು ವೀಡಿಯೋ ಮಾಡುವ ಸಾಮಾಜಿಕ ಜಾಲತಾಣದ ಪ್ರಚಾರಕರಿಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಮಾರ್ಗದರ್ಶಿ ಹೊರಡಿಸಿದೆ. ಹಣ ಮಾತ್ರವಲ್ಲದೆ ಉಚಿತ ಸರಕು, ರಿಯಾಯಿತಿ, ಪ್ರವಾಸ, ವಾಸ್ತವ್ಯ, ಬಂಧುತ್ವ ಮತ್ತು ನೌಕರಿ ಇವೆಲ್ಲವೂ ತಿಳಿಸಬೇಕಾದ ಸಂಬಂಧಗಳೇ. ವೀಡಿಯೋದಲ್ಲಿ ಇದನ್ನು ಬರಹದಲ್ಲಿಯೂ ಧ್ವನಿಯಲ್ಲಿಯೂ ತಿಳಿಸಬೇಕು. ಪ್ರಚಾರದ ಭಾಷೆಯಲ್ಲಿಯೇ ತಿಳಿಸಬೇಕು. ಕನ್ನಡದಲ್ಲಿ ಮಾತನಾಡಿ, ಕೊನೆಯ ಸಾಲಿನ ಟ್ಯಾಗ್‌ಗಳ ನಡುವೆ ಒಂದು ಇಂಗ್ಲಿಷ್ ಪದವನ್ನು ಸೇರಿಸುವುದರಿಂದ ಈ ಷರತ್ತು ಪೂರೈಸಿದಂತಾಗದು. "ಇದು ಜಾಹೀರಾತು" ಎಂಬ ಎರಡು ಪದಗಳು ಸ್ಪಷ್ಟವಾಗಿ ಕಂಡರೆ ಸಾಕು.

ಮಾರಾಟಗಾರರೇ ಗ್ರಾಹಕರ ಸೋಗಿನಲ್ಲಿ ತಮ್ಮ ಸರಕಿನ ಬಗ್ಗೆ ಅಭಿಪ್ರಾಯ ಬರೆಯುವುದನ್ನು ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ.

ದೂರು ಸಲ್ಲಿಕೆ

ಗ್ರಾಹಕರು ಜಾಹೀರಾತಿನ ಚಿತ್ರ, ಸಂದೇಶ ಮತ್ತು ಪಾವತಿಯ ವಿವರಗಳನ್ನು ಕೂಡಲೇ ಉಳಿಸಿಟ್ಟುಕೊಳ್ಳಬೇಕು. ಅಂತರ್ಜಾಲದ ಬರಹವನ್ನು ಯಾವಾಗ ಬೇಕಾದರೂ ಅಳಿಸಬಹುದು. ಮೊದಲು ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ದೂರು ನೀಡಬೇಕು. ಅವರು 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ನೀಡತಕ್ಕದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ಪಡೆದು ಸರಕನ್ನೇ ಕಳುಹಿಸದೆ ವಂಚಿಸಿದಲ್ಲಿ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿಲ್ಲ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಕೋಣಂದೂರಿನ ಗ್ರಾಹಕರು ಶಿವಮೊಗ್ಗದ ಜಿಲ್ಲಾ ಆಯೋಗಕ್ಕೆ ಹೋದರಾಯಿತು. ಆದರೆ ಕೋಣಂದೂರಿನಿಂದ ಉಪ್ಪಿನಕಾಯಿ ಕಳುಹಿಸಿದವರ ವಿರುದ್ಧ ಬೆಂಗಳೂರಿನ ಗ್ರಾಹಕರು ಬೆಂಗಳೂರಿನಲ್ಲಿಯೇ ದೂರು ಹೂಡಬಹುದು, ಉತ್ತರಿಸಬೇಕಾದುದೂ ಅಲ್ಲಿಯೇ.