‘ನಮ್ಮಂಥವರೇ’ ಎನಿಸುವ ನಾಯಕ, ಒಂದೇ ಸಾಲಿನ ಪರಿಹಾರ: ಬೇಸತ್ತ ಮತದಾರರಿಗೆ ಇವು ಯಾಕೆ ಹಿಡಿಸುತ್ತವೆ?

ಚುನಾವಣೆ ಹತ್ತಿರ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಬಗೆಯ ಮೆಸೇಜ್ ಓಡಾಡುತ್ತದೆ. ಬಳ್ಳಾರಿ ಕಡೆಯವರಿಗೆ ತಿಳಿವಳಿಕೆ ಕಡಿಮೆಯಂತೆ, ದುಡ್ಡು ಚೆಲ್ಲಿ ಅಬ್ಬರದ ಮಾತಾಡಿದವರಿಗೆ ವೋಟು ಹಾಕುತ್ತಾರಂತೆ. ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ತಡೆಯಿರಿ. ಚುನಾವಣೆಯಲ್ಲಿ ಹಣ ಓಡಾಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಇಲ್ಲಿನ ಫಲಿತಾಂಶಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಹೊರಗಿನವರು ಹತ್ತಿರದವರಾಗುವುದು ಹೇಗೆ?

1999ರಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾಳಿಗಳಾದರು. ಇಬ್ಬರೂ ಈ ನೆಲದವರಲ್ಲ. ಸುಷ್ಮಾ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ವೇದಿಕೆಯಲ್ಲಿ ಮಾತಾಡಿದರು. ಸೋತರು, ಆದರೆ ಸುಮಾರು 56 ಸಾವಿರ ಮತಗಳ ಅಂತರದಲ್ಲಿ. ಕಾಂಗ್ರೆಸ್ಸನ್ನು ಬಿಟ್ಟು ಬೇರೆಯವರನ್ನು ಲೋಕಸಭೆಗೆ ಕಳಿಸಿಯೇ ಇರದ ಕ್ಷೇತ್ರದಲ್ಲಿ ಇದು ಸಣ್ಣ ಸಂಗತಿಯಲ್ಲ. ಗೆದ್ದ ಸೋನಿಯಾ ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ಸೋತ ಸುಷ್ಮಾ ಮಾತ್ರ ಹಲವು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. 2004ರಲ್ಲಿ ಕ್ಷೇತ್ರ ಬಿಜೆಪಿಗೆ ಹೋಯಿತು. ಅದಕ್ಕೆ ಹಬ್ಬವೊಂದೇ ಕಾರಣವಲ್ಲ, ನಿಜ. ಆದರೂ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಜನ ಲೆಕ್ಕ ಇಡುತ್ತಾರೆ.

ರೇಡಿಯೊ, ಟಿವಿಯಲ್ಲಿ ಪದೇ ಪದೇ ಕಾಣುವ ವ್ಯಕ್ತಿಯನ್ನು ನಾವು ಪರಿಚಯದವರಂತೆ ಭಾವಿಸುತ್ತೇವೆ ಎಂದು 1956ರಲ್ಲೇ ಹಾರ್ಟನ್ ಮತ್ತು ವೋಲ್ ಎಂಬ ಸಂಶೋಧಕರು ಬರೆದಿದ್ದರು. ಈಗ ಆ ಕೆಲಸವನ್ನು ರೀಲ್ಸ್ ಮಾಡುತ್ತಿವೆ.

‘ಹೊರಗಿನವರು’ ಎಂದರೆ ಬೇರೆ ಊರಿನವರೇ ಆಗಬೇಕಿಲ್ಲ. ಅಧಿಕಾರದ ಮನೆತನಗಳ ಹೊರಗಿನವರೂ ಆಗಬಹುದು. ಸಂಡೂರಿನಲ್ಲಿ ಘೋರ್ಪಡೆ ರಾಜಮನೆತನದವರೇ ಶಾಸಕರಾಗಿದ್ದ ಕಾಲವಿತ್ತು. ಅದರ ಪಕ್ಕದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಮಗ ಜನಾರ್ದನ ರೆಡ್ಡಿ, ವಾಲ್ಮೀಕಿ ನಾಯಕ ಸಮುದಾಯದ ಶ್ರೀರಾಮುಲು ಬೆಳೆದು ನಿಂತದ್ದು ಹಲವರಿಗೆ ತಮ್ಮದೇ ಮನೆಯ ಹುಡುಗರು ಗೆದ್ದಂತೆ ಕಂಡಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತ್ತು. ಲಾರಿಗಳು ಹಗಲೂ ರಾತ್ರಿ ಓಡಿದವು, ಕೆಂಧೂಳು ಮನೆಯೊಳಗೂ ಕೂತಿತು. ದುಡ್ಡು ಎಲ್ಲಿಗೆ ಹೋಯಿತೋ!

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಅಕ್ರಮ ಗಣಿಗಾರಿಕೆಯಿಂದ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ಹೊತ್ತಿಗೇ ಹಂಪಿ ಬಜಾರಿನಲ್ಲಿ ವಾಸವಿದ್ದವರ ಅಂಗಡಿ, ಮನೆಗಳನ್ನೂ ತೆರವು ಮಾಡಲಾಯಿತು. ಎರಡಕ್ಕೂ ಗಟ್ಟಿ ಕಾರಣಗಳಿದ್ದವು. ಆದರೆ ಕೆಲಸ ಕಳೆದುಕೊಂಡ ಲಾರಿ ಕ್ಲೀನರ್‌ಗೆ, ಅಂಗಡಿ ಕಳೆದುಕೊಂಡವರಿಗೆ ಆ ಕಾರಣಗಳನ್ನು ಎದುರು ಕೂತು ವಿವರಿಸಿದವರು ಎಷ್ಟು ಮಂದಿ?

ಸೆಪ್ಟೆಂಬರ್‌ನಲ್ಲಿ ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು. ನವೆಂಬರ್‌ನಲ್ಲಿ ಬಳ್ಳಾರಿ ಗ್ರಾಮೀಣ ಉಪಚುನಾವಣೆಯಲ್ಲಿ ಶ್ರೀರಾಮುಲು ಪಕ್ಷೇತರರಾಗಿ ನಿಂತು ಗೆದ್ದರು. 2013ರಲ್ಲಿ ಕಂಪ್ಲಿ ಅವರ ಹೊಸ ಪಕ್ಷ ಬಿಎಸ್‌ಆರ್ ಕಾಂಗ್ರೆಸ್‌ನ ಅಭ್ಯರ್ಥಿಯನ್ನು ಆರಿಸಿತು.

ಇದು ಅರ್ಥವಾಗಬೇಕಾದರೆ ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆರವಾಗುತ್ತದೆ. ವ್ಯವಸ್ಥೆಯೇ ನಮ್ಮದಲ್ಲ ಅನಿಸಿದಾಗ, ಅದರ ನಿಯಮಗಳನ್ನು ಎಗ್ಗಿಲ್ಲದೆ ಮುರಿಯುವ ನಾಯಕನನ್ನು ಜನ ‘ಅಸಲಿ ಮನುಷ್ಯ’ ಎಂದು ಕಾಣುತ್ತಾರೆ, ಅವನ ಮಾತು ಸುಳ್ಳೆಂದು ಗೊತ್ತಿದ್ದರೂ ಕೂಡ. ಅಂದರೆ ಅಲ್ಲಿ ಕೊರತೆ ಇರುವುದು ತಿಳಿವಳಿಕೆಯದ್ದಲ್ಲ, ನಂಬಿಕೆಯದ್ದು. ಅಮೆರಿಕದ ಪ್ರಯೋಗವನ್ನು ಹಾಗೇ ತಂದು ಕಂಪ್ಲಿಗೆ ಅಂಟಿಸಲಾಗದು, ಆದರೆ ಹೋಲಿಕೆ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮುಖವೂ ಇದೆ. ಅದೇ ಧೂಳು ಕುಡಿದ ಸಂಡೂರು 2008ರಿಂದ 2023ರವರೆಗೆ ನಾಲ್ಕು ಸಲವೂ ಕಾಂಗ್ರೆಸ್‌ನ ಇ. ತುಕಾರಾಂ ಅವರನ್ನೇ ಗೆಲ್ಲಿಸಿತು. ಕಂಪ್ಲಿ ಕೂಡ 2018ರಲ್ಲಿ ಮನಸ್ಸು ಬದಲಿಸಿ ಕಾಂಗ್ರೆಸ್ಸಿಗೆ ಹೋಯಿತು. ಕುರಿಮಂದೆ ಹೀಗೆ ನಡೆದುಕೊಳ್ಳುವುದಿಲ್ಲ.

‘ಹೂಳು ತೆಗೆದರೆ ಮುಗೀತು’

ಈಗ ಸರಳ ಪರಿಹಾರದ ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಆಗ ಹಳೆಯ ಮಾತೊಂದು ಮತ್ತೆ ಕೇಳಿಬಂತು: ಮನಸ್ಸು ಮಾಡಿ ಹೂಳು ತೆಗೆಸಿದರೆ ನೀರಿನ ತಾಪತ್ರಯವೇ ಇರುವುದಿಲ್ಲ.

ಲೆಕ್ಕ ಹಾಕೋಣ. ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105ಕ್ಕೆ ಇಳಿದಿದೆ. ಹೂಳು 28 ಟಿಎಂಸಿ ಎಂದಿಟ್ಟುಕೊಳ್ಳಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್, ಒಟ್ಟು 79 ಕೋಟಿ ಘನ ಮೀಟರ್. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಹಿಡಿದರೂ ಸುಮಾರು 8 ಕೋಟಿ ಲೋಡ್. ದಿನಕ್ಕೆ ಸಾವಿರ ಲೋಡ್ ತೆಗೆದರೆ 200 ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಹೊಸ ಹೂಳು ಬಂದು ಕೂತಿರುತ್ತದೆ. ತೆಗೆದ ಮಣ್ಣನ್ನು ಯಾರ ಹೊಲದಲ್ಲಿ ಸುರಿಯುವುದು?

ಕೇಳಿದ ಕೂಡಲೇ ಈ ಪ್ರಶ್ನೆ ಹೊಳೆಯದಿರುವುದು ದಡ್ಡತನವಲ್ಲ. 2002ರಲ್ಲಿ ರೋಸೆನ್‌ಬ್ಲಿಟ್ ಮತ್ತು ಕೈಲ್ ಎಂಬ ಸಂಶೋಧಕರು ಪ್ಯಾಂಟಿನ ಜಿಪ್‌ನಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಗೊತ್ತೇ ಎಂದು ಕೇಳಿದರು. ಓದಿದವರೂ ಗೊತ್ತು ಎಂದರು. ಹಂತ ಹಂತವಾಗಿ ಬರೆಯಿರಿ ಎಂದಾಗ ತಮಗೆ ಗೊತ್ತಿರುವುದು ಕಡಿಮೆ ಎಂದು ಅವರೇ ಒಪ್ಪಿಕೊಂಡರು.

ಹಾಗಾಗಿ ಯಾವ ಪಕ್ಷದ ಮೆಸೇಜ್ ಬಂದರೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿ. ಇವರು ನಮ್ಮ ಕಷ್ಟ ಬಲ್ಲವರೇ? ಇವರು ಹೇಳಿದ್ದು ಯಾವ ಹಂತಗಳಲ್ಲಿ ಆಗುತ್ತದೆ? ಮೊದಲನೆಯದಕ್ಕೆ ಹೌದು ಅನಿಸಿದ ಮಾತ್ರಕ್ಕೆ ಎರಡನೆಯದಕ್ಕೆ ಉತ್ತರ ಸಿಕ್ಕಂತಾಗದು. ಹೂಳಿನಿಂದ ನಷ್ಟವಾದ ನೀರಿಗೆ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವವಿದೆ. ಅದಕ್ಕೆ ಜಮೀನು ಬೇಕು, ಸಾವಿರಾರು ಕೋಟಿ ಬೇಕು, ನೀರು ಹಂಚಿಕೊಳ್ಳುವ ಆಂಧ್ರಪ್ರದೇಶ ಮತ್ತು ತೆಲಂಗಾಣದ ಒಪ್ಪಿಗೆಯೂ ಬೇಕು.